ತಲೆಯೆಣಿಕೆ ಎಲ್ಲಿ ನಡೆಯತಕ್ಕದ್ದು?

ರಾಜ್ಯವನ್ನಾಳುವವರ ಆಯುಷ್ಯವೆಷ್ಟು ಎಂಬ ಪ್ರಶ್ನೆಯು ನಮ್ಮ ಸೀಮೆಯ ಮನೆಮಾತುಗಳಲ್ಲಿ ಬಹು ಹಳೆಯದು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕಡೆಯಲ್ಲಿ ನಡೆಯುವ ಶ್ರೀ ಮಾಲತೇಶಸ್ವಾಮಿಯ ಕಾರ್ಣಿಕವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಣದವರು ಕೇಳಿಯಾದರೂ ಇರಬಹುದು. ಏಳುಕೋಟಿಯ ಘೋಷದಿಂದ ತಪ್ಪಲೆಲ್ಲವೂ ಮೊಳಗುತ್ತಿರುವಾಗ ವ್ರತಸ್ಥನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಒಡನೆಯೇ ಅಷ್ಟು ದೊಡ್ಡ ಜನಸಮೂಹವು ಉಸಿರು ಹಿಡಿದು ನಿಲ್ಲುತ್ತದೆ. ಅವನು ನುಡಿಯುವುದು ಒಂದೇ ವಾಕ್ಯ. ಆ ವಾಕ್ಯವನ್ನು ಹೊತ್ತುಕೊಂಡು ಜನರು ಊರಿಗೆ ಮರಳಿ, ಮಳೆಬೆಳೆಗಳಿಗೆ ಅದರ ಅರ್ಥವೇನು, ಮಂತ್ರಿಮಂಡಲವು ಉಳಿಯುವುದೋ ಉರುಳುವುದೋ ಎಂದು ಜಗುಲಿಯ ಮೇಲೆ ಕುಳಿತು ವಾರಗಟ್ಟಲೆ ವ್ಯಾಖ್ಯಾನ ಮಾಡುತ್ತಾರೆ.

ಕಾರ್ಣಿಕದ ನಿಜಾನಿಜಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅದರಲ್ಲಿ ಒಂದು ಪದ್ಧತಿಯುಂಟು. ಅದನ್ನು ವಾಚಕರು ಮನಸ್ಸಿಟ್ಟು ನೋಡಬೇಕೆಂದು ನಮ್ಮ ಪ್ರಾರ್ಥನೆ. ಕಾರ್ಣಿಕವು ನುಡಿಯಲ್ಪಡುವುದು ಬಯಲಿನಲ್ಲಿ, ಎಲ್ಲರ ಕಿವಿಗೂ ಬೀಳುವಂತೆ. ಯಾವನಾದರೊಬ್ಬನು ಬಂದು, ‘ದೇವರು ನಿನ್ನೆ ರಾತ್ರಿ ನನ್ನ ಕೋಣೆಯಲ್ಲಿ ನನಗೊಬ್ಬನಿಗೇ ಕಾರ್ಣಿಕವನ್ನು ಹೇಳಿದನು, ಇಕೊಳ್ಳಿರಿ, ಅದರ ಚೀಟಿ’ ಎಂದರೆ ನಮ್ಮ ರೈತರು ಅವನನ್ನು ನಂಬುವವರಲ್ಲ. ಬಯಲಿನ ಮಾತಿಗೆ ಇರುವ ಬೆಲೆ ಕೋಣೆಯ ಚೀಟಿಗೆ ಇಲ್ಲವೆಂಬುದನ್ನು ಅವರು ಶಾಸ್ತ್ರವೋದದೆಯೇ ಬಲ್ಲರು. ಇದೇ ವಿವೇಕವನ್ನು ರಾಜ್ಯಾಂಗದಲ್ಲಿ ನೆಲೆಗೊಳಿಸುವುದಕ್ಕೆ ಎಷ್ಟು ವರ್ಷಗಳು ಬೇಕಾದವು, ಅದಕ್ಕಾಗಿ ನಮ್ಮ ಹಾವೇರಿ ಸೀಮೆಯವರೇ ಆದ ಒಬ್ಬ ಮುಖ್ಯಮಂತ್ರಿಗಳು ಏನನ್ನು ಕಳೆದುಕೊಂಡರು, ಲೋಕವು ಏನನ್ನು ಪಡೆಯಿತು ಎಂಬುದನ್ನು ಈ ತಿಂಗಳು ನಿರೂಪಿಸಬೇಕೆಂದಿದ್ದೇವೆ.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ೧೯೨೪ನೆಯ ಇಸವಿ ಜೂನ್ ೬ರಂದು ಕಾರಡಗಿ ಎಂಬ ಗ್ರಾಮದಲ್ಲಿ ಜನಿಸಿದರು. ಆಗ ಆ ಗ್ರಾಮವು ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಲ್ಲಿ ಜಿಲ್ಲೆಯು ಒಡೆದ ಮೇಲೆ ದೇವರಗುಡ್ಡದಂತೆಯೇ ಹಾವೇರಿ ಜಿಲ್ಲೆಯ ಪಾಲಿಗೆ ಬಂದಿತು. ಇವರು ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ ಹುಬ್ಬಳ್ಳಿಯಲ್ಲಿ ವಕೀಲಿ ವೃತ್ತಿಯನ್ನು ನಡೆಸಿದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೂ ಮೈಸೂರೂ ಉಳಿದ ಕನ್ನಡ ಭಾಗಗಳೂ ಒಂದಾಗಬೇಕೆಂದು ನಡೆದ ಏಕೀಕರಣದ ಆಂದೋಲನದಲ್ಲಿ ಅವರೂ ಪಾಲ್ಗೊಂಡಿದ್ದರು. ಆ ಆಂದೋಲನವು ೧೯೫೬ರ ನವೆಂಬರ್ ೧ರಂದು ಫಲಿಸಿತಷ್ಟೆ.

ಅವರ ವಿಚಾರಗಳ ಮೇಲೆ ಮಾನವೇಂದ್ರನಾಥ ರಾಯರ ಪ್ರಭಾವವು ಬಹಳವಾಗಿದ್ದಿತು. ರಾಯರು ಸಾಮ್ಯವಾದದಲ್ಲಿ ತೊಡಗಿ, ಕಡೆಗೆ ಅದನ್ನೂ ತೊರೆದು, ಮನುಷ್ಯನ ವಿವೇಕವೊಂದೇ ರಾಜಕಾರಣಕ್ಕೆ ತಳಹದಿಯೆಂಬ ನವಮಾನವತಾವಾದವನ್ನು ಬೋಧಿಸಿದವರು. ಪಕ್ಷಗಳ ಮುಖಂಡರ ಕೈಯಲ್ಲಿ ಅಧಿಕಾರವು ಗಂಟುಬೀಳುವುದನ್ನು ಕಂಡು ಬೇಸತ್ತು, ೧೯೪೮ರಲ್ಲಿ ತಮ್ಮ ಪಕ್ಷವನ್ನೇ ವಿಸರ್ಜಿಸಿದವರು. ಅಂಥವರ ಶಿಷ್ಯವರ್ಗದಲ್ಲಿ ಸೇರಿದ್ದ ಬೊಮ್ಮಾಯಿಯವರು ಪಕ್ಷರಾಜಕಾರಣದಲ್ಲಿಯೇ ತಮ್ಮ ಬಾಳನ್ನು ಕಳೆಯಬೇಕಾಗಿ ಬಂದುದೂ, ಪಕ್ಷದ ಒಳಜಗಳದಿಂದಲೇ ಕುರ್ಚಿಯ ಕಾಲು ಸಡಿಲವಾದುದೂ ವಿಧಿಯ ವಿನೋದವೆನ್ನಬೇಕು.

ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಮತದಾರರು ಅವರನ್ನು ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಕಳುಹಿಸಿದರು. ೧೯೮೩ರ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಕರ್ನಾಟಕದ ಮೊದಲನೆಯ ಕಾಂಗ್ರೆಸ್ಸೇತರ ಮಂತ್ರಿಮಂಡಲವು ಏರ್ಪಟ್ಟಾಗ ಬೊಮ್ಮಾಯಿಯವರು ಮಂತ್ರಿಗಳಾಗಿ ಕೈಗಾರಿಕಾ ಖಾತೆಯನ್ನು ನೋಡಿಕೊಂಡರು. ೧೯೮೫ರಲ್ಲಿ ಮತ್ತೆ ಚುನಾವಣೆಯಾಗಿ, ೨೨೪ ಸ್ಥಾನಗಳಲ್ಲಿ ೧೩೯ನ್ನು ಗೆದ್ದು ಜನತಾಪಕ್ಷವು ಭದ್ರವಾಗಿ ಕುಳಿತಿತು. ಆದರೆ ಭದ್ರವೆಂದು ತೋರುವ ಮನೆಯಲ್ಲಿಯೇ ದಾಯಾದಿಗಳ ಕಲಹವು ಬೇಗ ಹುಟ್ಟುವುದುಂಟು. ದೂರವಾಣಿಯ ಮಾತುಗಳನ್ನು ಕದ್ದು ಕೇಳಿಸಿದರೆಂಬ ಅಪವಾದವು ಎದ್ದುದರಿಂದ ೧೯೮೮ರ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಆ ತಿಂಗಳ ೧೩ರಂದು ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು.

ಮುಂದೆ ಅವರಿಗೆ ಒದಗಿದ ಪ್ರಸಂಗದ ಮರ್ಮವು ತಿಳಿಯಬೇಕಾದರೆ, ಮುಖ್ಯಮಂತ್ರಿಯೆಂಬವನು ಯಾರ ಆಳು ಎಂಬುದು ಮೊದಲು ತಿಳಿಯಬೇಕು. ಸಂಸ್ಕೃತದಲ್ಲಿ ಮಂತ್ರಿಗೆ ‘ಅಮಾತ್ಯ’ನೆಂದು ಇನ್ನೊಂದು ಹೆಸರಿದೆಯಷ್ಟೆ. ‘ಅಮಾ’ ಎಂದರೆ ಮನೆಯಲ್ಲಿ, ಜೊತೆಯಲ್ಲಿ ಎಂದರ್ಥ. ರಾಜನ ಮನೆಯಲ್ಲಿ ರಾಜನೊಡನೆ ಇರತಕ್ಕವನು ಅಮಾತ್ಯನು. ಪೂರ್ವಕಾಲದಲ್ಲಿ ಇದು ಸರಿಯಾಗಿಯೇ ಇದ್ದಿತು. ರಾಜನು ಇಟ್ಟುಕೊಂಡರೆ ಇರುವನು, ಬೇಡವೆಂದರೆ ಹೋಗುವನು. ಪ್ರಜಾರಾಜ್ಯದಲ್ಲಿ ಈ ಅಮಾತ್ಯನು ಸೇರಿದ ಮನೆ ಯಾವುದು? ನೇಮಿಸಿದವರ ಅರಮನೆಯೋ ಅಥವಾ ಜನರು ಆರಿಸಿದ ಸಭೆಯೋ? ಈ ಪ್ರಶ್ನೆಯು ನಮ್ಮಲ್ಲಿ ಹುಟ್ಟುವುದಕ್ಕೆ ನೂರು ವರ್ಷಗಳ ಹಿಂದೆಯೇ ಯುರೋಪಖಂಡದ ಉತ್ತರದ ತುದಿಯಲ್ಲಿ, ಹಿಮಾವೃತವಾದ ನಾರ್ವೆ ದೇಶದಲ್ಲಿ, ಬಹು ಸ್ಪಷ್ಟವಾಗಿ ಎದ್ದಿತು. ಅಲ್ಲಿಯ ಕಥೆಯ ನಾಯಕನೂ ಬೊಮ್ಮಾಯಿಯವರಂತೆ ಒಬ್ಬ ವಕೀಲನೇ.

ಅವನ ಹೆಸರು ಯೋಹಾನ್ ಸ್ವೆರ್ಡ್ರುಪ್; ಹುಟ್ಟಿದುದು ೧೮೧೬ರಲ್ಲಿ. ನಾರ್ವೆಯು ೧೮೧೪ರಲ್ಲಿ ತನಗೊಂದು ರಾಜ್ಯಾಂಗವನ್ನು ಬರೆದುಕೊಂಡಿದ್ದರೂ ನೆರೆಯ ಸ್ವೀಡನ್ನಿನೊಡನೆ ಒಬ್ಬನೇ ಅರಸನ ಆಳಿಕೆಯಲ್ಲಿ ಇದ್ದಿತು. ಸ್ಟೋರ್ಟಿಂಗ್ ಎಂಬುದು ಅಲ್ಲಿಯ ಜನಪ್ರತಿನಿಧಿಗಳ ಸಭೆ. ಮಂತ್ರಿಗಳಾದರೋ ಅರಸನಿಂದ ನೇಮಕಗೊಂಡವರು. ಅವರಿಗೂ ಸಭೆಗೂ ಹೊಕ್ಕು ಬಳಕೆಯಿರಲಿಲ್ಲ. ಸಭೆಯಲ್ಲಿ ಕುಳಿತು ಪ್ರಶ್ನೆಗೆ ಉತ್ತರ ಕೊಡುವ ಹಂಗು ಅವರಿಗೆ ಇರಲಿಲ್ಲ. ಅರ್ಥಾತ್ ಅವರು ಅಕ್ಷರಶಃ ಅಮಾತ್ಯರು. ೧೮೫೧ರಿಂದ ಸಭೆಯಲ್ಲಿದ್ದ ಸ್ವೆರ್ಡ್ರುಪನು ಈ ವ್ಯವಸ್ಥೆಯನ್ನು ಮುರಿಯಬೇಕೆಂದು ಪಣತೊಟ್ಟನು. ಮಂತ್ರಿಗಳು ಸಭೆಗೆ ಬಂದು ಕೂಡಬೇಕೆಂಬ ತಿದ್ದುಪಡಿಯನ್ನು ಸ್ಟೋರ್ಟಿಂಗ್ ೧೮೭೨ರಲ್ಲಿ ಅಂಗೀಕರಿಸಿತು, ಅರಸನು ಒಪ್ಪಲಿಲ್ಲ. ನಡುನಡುವೆ ಚುನಾವಣೆಗಳಾದವು, ಹೊಸ ಸಭೆಗಳೂ ಅದನ್ನೇ ಪುನಃ ಪುನಃ ಅಂಗೀಕರಿಸಿದವು, ಎರಡನೆಯ ಆಸ್ಕರ್ ಅರಸನು ಆಗಲೂ ಒಪ್ಪಲಿಲ್ಲ. ೧೮೮೦ರಲ್ಲಿ ಸಭೆಯು, ಇದು ಇನ್ನು ಅರಸನ ಸಮ್ಮತಿಯಿಲ್ಲದೆಯೇ ಶಾಸನವಾಯಿತೆಂದು ಸಾರಿತು. ಮಂತ್ರಿಗಳು ಕೇಳದಿರಲು ಅವರನ್ನು ರಾಜ್ಯದ ವಿಶೇಷ ನ್ಯಾಯಾಸನದ ಮುಂದೆ ನಿಲ್ಲಿಸಿತು. ೧೮೮೪ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಸೆಲ್ಮರನು ಅಪರಾಧಿಯೆಂದು ಗೊತ್ತಾಗಿ ಪದವಿಯನ್ನು ಕಳೆದುಕೊಂಡನು. ಅರಸನು ಮತ್ತೊಂದು ಮಂತ್ರಿಮಂಡಲವನ್ನು ನಿಲ್ಲಿಸಲು ಯತ್ನಿಸಿದರೂ ಅದು ಕೆಲವು ವಾರಗಳಿಗಿಂತ ಹೆಚ್ಚಾಗಿ ನಿಲ್ಲಲಿಲ್ಲ. ಜೂನ್ ೨೬ರಂದು ಸ್ವೆರ್ಡ್ರುಪನೇ ಪ್ರಧಾನಮಂತ್ರಿಯಾದನು. ಸಭೆಯ ವಿಶ್ವಾಸವಿದ್ದವನೇ ಮಂತ್ರಿ ಎಂಬ ನಿಯಮವು ನಾರ್ವೆಯಲ್ಲಿ ಬೇರೂರಿದ್ದು ಅಂದಿನಿಂದ. ಡೆನ್ಮಾರ್ಕಿನಲ್ಲಿ ಇದು ೧೯೦೧ರಲ್ಲಿಯೂ ಸ್ವೀಡನ್ನಿನಲ್ಲಿ ೧೯೧೭ರಲ್ಲಿಯೂ ನೆಲೆಗೊಂಡಿತು.

ಸ್ವೆರ್ಡ್ರುಪನ ಐದು ವರ್ಷಗಳ ಆಳಿಕೆಯಲ್ಲಿ ಒಳ್ಳೆಯ ಕೆಲಸಗಳು ನಡೆದವು. ಮತದಾನದ ಹಕ್ಕು ವಿಸ್ತಾರವಾಯಿತು. ೧೮೮೯ರಲ್ಲಿ ಎಲ್ಲ ಮಕ್ಕಳಿಗೂ ಏಳು ವರ್ಷಗಳ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. ಬಾಳಿನ ಬಹುಭಾಗವನ್ನು ಕಪ್ಪುಹಲಗೆಯ ಮುಂದೆ ಕಳೆದ ನಮಗೆ ಈ ಎರಡನೆಯದೇ ಹೆಚ್ಚಿನದಾಗಿ ತೋರುತ್ತದೆ. ಆದರೆ ಅವನ ಪಕ್ಷವು ಒಡೆದು ಎರಡಾಯಿತು. ೧೮೮೯ರಲ್ಲಿಯೇ ಸಭೆಯಲ್ಲಿ ಅವಿಶ್ವಾಸದ ಸೂಚನೆಯು ಬರಲು, ಯಾವ ಸಭೆಯನ್ನು ಅವನು ಮೇಲಕ್ಕೆತ್ತಿದ್ದನೋ ಅದೇ ಸಭೆಯ ಬಲವನ್ನು ಕಳೆದುಕೊಂಡು ಅವನು ರಾಜೀನಾಮೆಯಿತ್ತನು. ಮೂರು ವರ್ಷಗಳಲ್ಲಿ ತೀರಿಕೊಂಡನು. ಅವನನ್ನು ಇಳಿಸಿದುದು ಅರಸನ ಕೋಪವೂ ಅಲ್ಲ, ಅರಮನೆಯ ಪಿಸುಮಾತೂ ಅಲ್ಲ. ಅವನೇ ಕಟ್ಟಿದ ನಿಯಮವು ಅವನಿಗೂ ಅನ್ವಯಿಸಿತು. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಇಂಥದೇ ಒಂದು ಸಂಗತಿಯು ಬೊಮ್ಮಾಯಿಯವರ ಕಥೆಯಲ್ಲಿಯೂ ಬರುವುದು.

ಈಗ ನಮ್ಮ ನಾಡಿಗೆ ಮರಳೋಣ. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು ನಮ್ಮ ಸಂವಿಧಾನದ ೧೬೪ನೆಯ ಅನುಚ್ಛೇದವು ಹೇಳುತ್ತದೆ. ನಾರ್ವೆಯವರು ಹನ್ನೆರಡು ವರ್ಷ ಹೋರಾಡಿ ಪಡೆದುದನ್ನು ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಬರೆದಿಟ್ಟರು. ಆದರೆ ಅದೇ ಗ್ರಂಥದಲ್ಲಿ ೩೫೬ನೆಯ ಅನುಚ್ಛೇದವೂ ಉಂಟು. ರಾಜ್ಯವೊಂದರ ಆಡಳಿತವು ಸಂವಿಧಾನಕ್ಕನುಸಾರವಾಗಿ ನಡೆಯಲಾರದಂತಾದರೆ ರಾಜ್ಯಪಾಲರ ವರದಿಯ ಮೇಲೆ ಅಥವಾ ಅನ್ಯಥಾ ರಾಷ್ಟ್ರಪತಿಗಳು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದೆಂದು ಅದು ಹೇಳುತ್ತದೆ. ಇದು ಬಳಕೆಗೇ ಬಾರದೆ ಸತ್ತ ಅಕ್ಷರವಾಗಿ ಉಳಿಯಲೆಂಬ ಆಶೆಯನ್ನು ಡಾಕ್ಟರ್ ಅಂಬೇಡ್ಕರರು ೧೯೪೯ರಲ್ಲಿ ಸಂವಿಧಾನಸಭೆಯಲ್ಲಿ ವ್ಯಕ್ತಪಡಿಸಿದ್ದರು. ಆಶೆಯು ಆಶೆಯಾಗಿಯೇ ಉಳಿಯಿತು. ೧೯೫೯ರಲ್ಲಿ ಕೇರಳದಲ್ಲಿ, ೧೯೭೭ರ ಕಡೆಯ ದಿನ ದೇವರಾಜ ಅರಸರ ಆಳಿಕೆಯಲ್ಲಿದ್ದ ನಮ್ಮ ಕರ್ನಾಟಕದಲ್ಲಿಯೇ, ಹೀಗೆ ಹಲವು ಹತ್ತು ಬಾರಿ ಅದು ಪ್ರಯೋಗವಾಯಿತು. ಯಾವ ಪಕ್ಷವು ದಿಲ್ಲಿಯಲ್ಲಿ ಇದ್ದರೂ ಆಯುಧವು ಒಂದೇ ಆಗಿದ್ದಿತು.

ಬೊಮ್ಮಾಯಿಯವರ ಪಕ್ಷದ ಸ್ಥಿತಿಯು ೧೯೮೯ರ ವೇಳೆಗೆ ಚೆನ್ನಾಗಿರಲಿಲ್ಲ. ಜನತಾಪಕ್ಷವು ಲೋಕದಳದ ಒಂದು ಭಾಗದೊಡನೆ ಕೂಡಿ ಜನತಾದಳವಾಗಿದ್ದಿತು. ಒಳಗೆ ಅಸಮಾಧಾನವು ಹೊಗೆಯಾಡುತ್ತಿದ್ದಿತು. ಅದನ್ನು ಶಮನಗೊಳಿಸುವುದಕ್ಕೋ ಎಂಬಂತೆ ಏಪ್ರಿಲ್ ೧೫ರಂದು ಹದಿಮೂರು ಜನ ಹೊಸ ಮಂತ್ರಿಗಳನ್ನು ಸೇರಿಸಿಕೊಂಡರು. ಎಲ್ಲರಿಗೂ ಎಲೆ ಹಾಕಲು ಜಾಗವಿಲ್ಲದ ಪಂಕ್ತಿಯಲ್ಲಿ ಕೆಲವರಿಗೆ ಹೆಚ್ಚಾಗಿ ಬಡಿಸಿದರೆ ಉಳಿದವರಿಗೆ ಹಸಿವು ಹೆಚ್ಚುವುದೇ ಸರಿ. ಎರಡೇ ದಿನಗಳಲ್ಲಿ, ಏಪ್ರಿಲ್ ೧೭ರಂದು, ಒಬ್ಬ ಶಾಸಕರು ಪಕ್ಷವನ್ನು ಬಿಟ್ಟು, ತಮ್ಮ ಬೆಂಬಲವಿಲ್ಲವೆಂಬ ಪತ್ರವನ್ನೂ, ಇನ್ನೂ ಹತ್ತೊಂಬತ್ತು ಮಂದಿ ಶಾಸಕರು ಬರೆದವೆಂದು ಹೇಳಲಾದ ಪತ್ರಗಳನ್ನೂ ರಾಜ್ಯಪಾಲರಾದ ಶ್ರೀ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ೧೯ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳಿಗೆ ಬಹುಮತವಿಲ್ಲವೆಂದು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಮರುದಿನವೇ ಆ ಹತ್ತೊಂಬತ್ತು ಮಂದಿಯಲ್ಲಿ ಏಳು ಮಂದಿ, ನಮ್ಮ ರುಜುಗಳನ್ನು ಇಲ್ಲಸಲ್ಲದ್ದನ್ನು ಹೇಳಿ ಪಡೆದರು, ನಾವು ಮಂತ್ರಿಮಂಡಲದ ಪಕ್ಷದಲ್ಲಿಯೇ ಇದ್ದೇವೆ ಎಂದು ತಿಳಿಸಿದರು. ಅಂದೇ ಮುಖ್ಯಮಂತ್ರಿಗಳೂ ನ್ಯಾಯಮಂತ್ರಿಗಳೂ ರಾಜ್ಯಪಾಲರನ್ನು ಕಂಡು, ಅಗತ್ಯವಿದ್ದಲ್ಲಿ ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಸಭೆಯಲ್ಲಿ ಬಹುಮತವನ್ನು ತೋರಿಸುವೆವೆಂದರು. ರಾಜ್ಯಪಾಲರು ಅದಕ್ಕೆ ಆಸ್ಪದವೀಯದೆ ಎರಡನೆಯ ವರದಿಯನ್ನು ಕಳುಹಿಸಿದರು. ಏಪ್ರಿಲ್ ೨೧ರಂದು ರಾಷ್ಟ್ರಪತಿಗಳ ಘೋಷಣೆಯು ಹೊರಟಿತು. ಮಂತ್ರಿಮಂಡಲವು ಹೋಯಿತು, ಸಭೆಯೂ ವಿಸರ್ಜನೆಯಾಯಿತು. ಬೊಮ್ಮಾಯಿಯವರ ಮುಖ್ಯಮಂತ್ರಿತ್ವವು ಎಂಟು ತಿಂಗಳುಗಳಿಗಿಂತ ಕೊಂಚ ಮಾತ್ರ ಹೆಚ್ಚು ನಡೆದಂತಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸಭೆಯು ಕೂಡಿದ್ದರೆ ಬೊಮ್ಮಾಯಿಯವರೇ ಗೆಲ್ಲುತ್ತಿದ್ದರೆಂದು ನಾವು ಹೇಳುತ್ತಿಲ್ಲ. ಸೋತಿದ್ದರೂ ಸೋಲಬಹುದಾಗಿದ್ದಿತು. ಆದರೆ ಸೋಲು ಗೆಲವುಗಳೆರಡೂ ತೀರ್ಮಾನವಾಗಬೇಕಾದ ಸ್ಥಳವು ಬಾಗಿಲು ಮುಚ್ಚಲ್ಪಟ್ಟಿತೆಂಬುದೇ ಅನ್ಯಾಯ. ಹತ್ತೊಂಬತ್ತು ರುಜುಗಳಲ್ಲಿ ಏಳು ಮೂರು ದಿನಗಳಲ್ಲಿಯೇ ಹಿಂದಿರುಗಿದವೆಂದ ಮೇಲೆ, ಕಾಗದದ ಮೇಲಿನ ಎಣಿಕೆಗೆ ಎಷ್ಟು ಬೆಲೆಯೆಂಬುದು ಸ್ವಯಂವೇದ್ಯವಾಗಿದೆ. ವಿಧಾನಸಭೆಯಲ್ಲಿ ಎಣಿಕೆ ನಡೆದರೆ ಸದಸ್ಯನು ತನ್ನ ಸಾಲಿನಲ್ಲಿ ಎದ್ದು ನಿಲ್ಲಬೇಕು. ಅವನನ್ನು ಆರಿಸಿದ ಜನರು ಅವನ ಮುಖವನ್ನು ನೋಡುತ್ತಾರೆ. ಪತ್ರಕ್ಕೆ ಮುಖವಿಲ್ಲ.

ಬೊಮ್ಮಾಯಿಯವರು ಆ ತಿಂಗಳಿನಲ್ಲಿಯೇ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೋದರು. ಮೂವರು ನ್ಯಾಯಾಧೀಶರ ಪೀಠವು ಅರ್ಜಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಕಾಲವು ನಿಲ್ಲಲಿಲ್ಲ. ೧೯೮೯ರ ನವೆಂಬರಿನಲ್ಲಿ ಚುನಾವಣೆಯಾಗಿ ಶ್ರೀ ವೀರೇಂದ್ರ ಪಾಟೀಲರ ಕಾಂಗ್ರೆಸ್ ಪಕ್ಷವು ೧೭೮ ಸ್ಥಾನಗಳನ್ನು ಪಡೆಯಿತು. ಜನತಾದಳಕ್ಕೆ ಬಂದುದು ೨೪ ಮಾತ್ರ. ಇನ್ನು ಮೊಕದ್ದಮೆಯು ಗೆದ್ದರೂ ಕುರ್ಚಿಯು ಬರುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಆದದ್ದಾಯಿತು’ ಎಂದು ಕಾಗದಗಳನ್ನು ಕಟ್ಟಿ ಅಟ್ಟಕ್ಕೆಸೆಯುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ನಮ್ಮ ಮಟ್ಟಿಗೆ ಅವರ ಚರಿತ್ರೆಯಲ್ಲಿ ಅವರು ಪಡೆದ ಪದವಿಗಳಿಗಿಂತಲೂ ಇದು ಹೆಚ್ಚು ಗೌರವಾರ್ಹವಾದ ಸಂಗತಿ. ಫಲವು ತನಗೆ ಬಾರದೆಂದು ತಿಳಿದೂ ಮರವನ್ನು ನೆಡುವವನು ಲೋಕದಲ್ಲಿ ವಿರಳ.

ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಈ ಮೊಕದ್ದಮೆಯನ್ನು ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಪ್ರದೇಶಗಳ ಇಂಥವೇ ಪ್ರಕರಣಗಳೊಡನೆ ಕೂಡಿಸಿ ವಿಚಾರಿಸಿ, ೧೯೯೪ರ ಮಾರ್ಚ್ ೧೧ರಂದು ತೀರ್ಪಿತ್ತಿತು. ಅದರ ಸಾರವನ್ನು ಮನೆಮಾತಿನಲ್ಲಿ ಹೇಳುವುದಾದರೆ ಹೀಗಿದೆ. ರಾಷ್ಟ್ರಪತಿಗಳ ಘೋಷಣೆಯಾದರೂ ನ್ಯಾಯಾಲಯದ ಪರಿಶೀಲನೆಗೆ ಹೊರತಾದುದಲ್ಲ. ಅದಕ್ಕೆ ಸಂಬಂಧಪಟ್ಟ ಆಧಾರವಿದ್ದಿತೋ, ಅದು ದುರುದ್ದೇಶದಿಂದ ಹೊರಟುದೋ ಎಂದು ನ್ಯಾಯಾಲಯವು ನೋಡಬಹುದು. ಪಾರ್ಲಿಮೆಂಟಿನ ಎರಡೂ ಸಭೆಗಳು ಸಮ್ಮತಿಸುವ ತನಕ ವಿಧಾನಸಭೆಯನ್ನು ವಿಸರ್ಜಿಸತಕ್ಕದ್ದಲ್ಲ, ಅಮಾನತಿನಲ್ಲಿ ಇಡಬಹುದು. ಘೋಷಣೆಯು ತಪ್ಪೆಂದು ಗೊತ್ತಾದರೆ ಹೋದ ಮಂತ್ರಿಮಂಡಲವನ್ನೂ ಸಭೆಯನ್ನೂ ನ್ಯಾಯಾಲಯವು ಮತ್ತೆ ನಿಲ್ಲಿಸಬಹುದು. ಮಂತ್ರಿಮಂಡಲದ ಬಲಾಬಲವು ರಾಜ್ಯಪಾಲರೇ ಆಗಲಿ ಇನ್ನಾರೇ ಆಗಲಿ ತಮ್ಮಷ್ಟಕ್ಕೆ ಅಳೆಯತಕ್ಕ ವಿಷಯವಲ್ಲ. ಸ್ವತಂತ್ರವಾಗಿ ಮತ ಕೊಡಲಾಗದಷ್ಟು ಹಿಂಸೆಯು ಹಬ್ಬಿದಂಥ ಅಸಾಧಾರಣ ಸಂದರ್ಭವನ್ನು ಬಿಟ್ಟರೆ, ಅದನ್ನು ಸಭೆಯಲ್ಲಿಯೇ ಅಳೆಯಬೇಕು.

ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲಲಕ್ಷಣವೆಂದೂ ಆ ತೀರ್ಪು ಸಾರಿತು; ಆ ಕಾರಣದಿಂದಲೇ ೧೯೯೨ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ ಮೊದಲಾದ ಮೂರು ರಾಜ್ಯಗಳಲ್ಲಿ ಹೊರಟಿದ್ದ ಘೋಷಣೆಗಳನ್ನು ಎತ್ತಿಹಿಡಿಯಿತು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಸಂವಿಧಾನಬಾಹಿರವೆಂದು ಹೇಳಿತು. ಆದರೆ ಬೊಮ್ಮಾಯಿಯವರಿಗೆ ಸಿಕ್ಕಿದುದೇನು? ಮಧ್ಯದಲ್ಲಿ ಚುನಾವಣೆಗಳಾಗಿ ಹೋದುದರಿಂದ ಪರಿಹಾರವೇನನ್ನೂ ಕೊಡುವಂತಿರಲಿಲ್ಲ. ಐದು ವರ್ಷಗಳ ಬಳಿಕ ‘ನಿನ್ನ ಕಡೆಗೆ ನ್ಯಾಯವಿತ್ತು’ ಎಂಬ ಮಾತೊಂದೇ ಅವರ ಪಾಲಿನದಾಯಿತು.

‘ಹಾಗಾದರೆ ಈ ಗೆಲವಿನಿಂದ ಪ್ರಯೋಜನವೇನು?’ ಎಂದು ವ್ಯವಹಾರಜ್ಞರಾದ ವಾಚಕರು ಕೇಳಬಹುದು. ಉತ್ತರವು ಮುಂದಿನ ವರ್ಷಗಳಲ್ಲಿದೆ. ೧೯೯೮ರ ಫೆಬ್ರುವರಿಯಲ್ಲಿ ಉತ್ತರಪ್ರದೇಶದ ರಾಜ್ಯಪಾಲರು ಕಲ್ಯಾಣಸಿಂಗರ ಮಂತ್ರಿಮಂಡಲವನ್ನು ರಾತ್ರೋರಾತ್ರಿ ತೆಗೆದು ಇನ್ನೊಬ್ಬರಿಗೆ ಪ್ರಮಾಣವಚನವನ್ನು ಬೋಧಿಸಿದಾಗ, ವಿಷಯವು ನ್ಯಾಯಾಲಯಗಳಿಗೆ ಹೋಗಿ, ಕೆಲವೇ ದಿನಗಳಲ್ಲಿ ಸಭೆಯೊಳಗೆ ಎಣಿಕೆ ನಡೆಯಿತು. ೨೨೫ಕ್ಕೆ ೧೯೬ರಂತೆ ಕಲ್ಯಾಣಸಿಂಗರೇ ಗೆದ್ದರು. ೨೦೧೬ರಲ್ಲಿ ಅರುಣಾಚಲಪ್ರದೇಶದ ಹೋದ ಸರಕಾರವನ್ನು ಸರ್ವೋಚ್ಚ ನ್ಯಾಯಾಲಯವು ಮರಳಿ ನಿಲ್ಲಿಸಿತು. ೨೦೧೮ರ ಮೇ ತಿಂಗಳಿನಲ್ಲಿ ನಮ್ಮ ರಾಜ್ಯದಲ್ಲಿಯೇ, ಬಹುಮತವನ್ನು ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಅವಧಿಯನ್ನು ಕುಗ್ಗಿಸಿ, ೧೯ನೆಯ ತಾರೀಖಿನ ಸಾಯಂಕಾಲವೇ ಸಭೆಯಲ್ಲಿ ತೋರಿಸತಕ್ಕದ್ದೆಂದು ಆ ನ್ಯಾಯಾಲಯವು ವಿಧಿಸಲು, ಮುಖ್ಯಮಂತ್ರಿಗಳಾಗಿದ್ದ ಶ್ರೀ ಯಡಿಯೂರಪ್ಪನವರು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಇವರೆಲ್ಲರೂ ಒಂದೇ ಪಕ್ಷದವರಲ್ಲ. ಒಮ್ಮೆ ಒಬ್ಬರಿಗೆ ಅನುಕೂಲವಾದ ನಿಯಮವು ಇನ್ನೊಮ್ಮೆ ಅವರಿಗೇ ಪ್ರತಿಕೂಲವಾಯಿತು. ತಕ್ಕಡಿಯು ಸರಿಯಾಗಿದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕೆ?

ಬೊಮ್ಮಾಯಿಯವರೂ ಈ ತಕ್ಕಡಿಗೆ ಹೊರತಾಗಲಿಲ್ಲ. ೧೯೯೬ರಲ್ಲಿ ಶ್ರೀ ದೇವೇಗೌಡರು ಪ್ರಧಾನಮಂತ್ರಿಗಳಾದಾಗ ಬೊಮ್ಮಾಯಿಯವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಖಾತೆಯ ಮಂತ್ರಿಗಳಾದರು. ಶ್ರೀ ಗುಜ್ರಾಲರ ಮಂತ್ರಿಮಂಡಲದಲ್ಲಿಯೂ ಮುಂದುವರಿದರು. ೧೯೯೭ರ ಅಕ್ಟೋಬರಿನಲ್ಲಿ ಕಲ್ಯಾಣಸಿಂಗರು, ಸದಸ್ಯರು ಹೊಡೆದಾಡಿಕೊಂಡ ಗಲಭೆಯ ನಡುವೆಯಾದರೂ, ಸಭೆಯಲ್ಲಿ ವಿಶ್ವಾಸಮತವನ್ನು ಪಡೆದಿದ್ದರು. ಆಗ ಗುಜ್ರಾಲರ ಮಂತ್ರಿಮಂಡಲವು ಉತ್ತರಪ್ರದೇಶದಲ್ಲಿ ರಾಷ್ಟ್ರಪತಿಗಳ ಆಳಿಕೆಯಾಗಬೇಕೆಂದು ಶಿಫಾರಸು ಮಾಡಿತು. ರಾಷ್ಟ್ರಪತಿಗಳಾದ ಶ್ರೀ ಕೆ. ಆರ್. ನಾರಾಯಣನ್ ಅವರು ಅದನ್ನು ಪುನರ್ವಿಚಾರಕ್ಕೆಂದು ಹಿಂದಕ್ಕೆ ಕಳುಹಿಸಿದರು. ಮಂತ್ರಿಮಂಡಲವು ಅದನ್ನು ಕೈಬಿಟ್ಟಿತು. ಯಾರ ಹೆಸರಿನ ತೀರ್ಪು ದೇಶದ ರಾಜ್ಯಗಳಿಗೆ ಕವಚವಾಗಿದ್ದಿತೋ ಅವರೇ ಒಬ್ಬ ಸದಸ್ಯರಾಗಿದ್ದ ಮಂತ್ರಿಮಂಡಲವು ಆ ಕವಚವನ್ನು ತಾಗಿ ಹಿಂದಿರುಗಬೇಕಾಯಿತು. ಇದನ್ನು ನಾವು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ನಾರ್ವೆಯ ಸ್ವೆರ್ಡ್ರುಪನನ್ನು ಅವನ ಸಭೆಯೇ ಇಳಿಸಿದ ಹಾಗೆ, ಒಳ್ಳೆಯ ನಿಯಮವು ತನ್ನ ಜನಕನ ಮುಖವನ್ನು ನೋಡಿ ದಾರಿ ಬಿಡುವುದಿಲ್ಲ. ಹಾಗೆ ಬಿಟ್ಟರೆ ಅದು ನಿಯಮವಲ್ಲ, ದಾಕ್ಷಿಣ್ಯ.

ಇನ್ನೊಂದು ಆಕ್ಷೇಪವುಂಟು, ಅದು ಮೊದಲನೆಯದಕ್ಕಿಂತ ಬಲವಾದುದು. ಎಣಿಕೆಯು ಸಭೆಯಲ್ಲಿಯೇ ನಡೆಯಲಿ. ಆದರೆ ಎಣಿಸಲ್ಪಡುವ ತಲೆಗಳನ್ನು ಹಿಂದಿನ ರಾತ್ರಿಯೇ ಯಾರಾದರೂ ಕೊಂಡುಬಿಟ್ಟಿದ್ದರೆ? ಶಾಸಕರನ್ನು ಬಸ್ಸುಗಳಲ್ಲಿ ತುಂಬಿ ವಿಶ್ರಾಂತಿಧಾಮಗಳಲ್ಲಿ ಕಾವಲಿಟ್ಟ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ. ೨೦೧೯ರ ಜುಲೈ ೨೩ರಂದು ಶ್ರೀ ಕುಮಾರಸ್ವಾಮಿಯವರ ಮಂತ್ರಿಮಂಡಲವು ೯೯ಕ್ಕೆ ೧೦೫ರಂತೆ ಬಿದ್ದುದು ಸಭೆಯೊಳಗೇ. ಆದರೆ ಅದಕ್ಕೆ ಮೊದಲೇ ಹಲವು ಶಾಸಕರು ರಾಜೀನಾಮೆಯಿತ್ತು ಸಭೆಗೆ ಬಾರದೆ ಹೊರಗುಳಿದಿದ್ದರು. ಹೀಗಿರುವಲ್ಲಿ ಬಯಲಿನ ಎಣಿಕೆಯಿಂದ ಬಂದ ಭಾಗ್ಯವೇನು?

ಈ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ತಕ್ಕಡಿಯು ತೂಗಬಲ್ಲುದೇ ಹೊರತು ಧಾನ್ಯವನ್ನು ಶುದ್ಧಮಾಡಲಾರದು. ಕಾಳಿನಲ್ಲಿ ಕಲ್ಲಿದ್ದರೆ ಅದನ್ನು ಆರಿಸಬೇಕಾದುದು ಮೊರವನ್ನು ಹಿಡಿದವರು. ಪ್ರಜಾರಾಜ್ಯದಲ್ಲಿ ಮೊರವಿರುವುದು ಮತದಾರರ ಕೈಯಲ್ಲಿ. ಆದರೆ ಕಾಳಿನಲ್ಲಿ ಕಲ್ಲಿದೆಯೆಂದು ತಕ್ಕಡಿಯನ್ನೇ ಮುರಿಯುವುದು ಜಾಣತನವಲ್ಲ. ಬಯಲಿನಲ್ಲಿ ಎಣಿಕೆ ನಡೆದುದರಿಂದಲೇ ಯಾರು ಎದ್ದು ನಿಂತರು, ಯಾರು ಬರಲೇ ಇಲ್ಲ ಎಂಬುದು ನಮಗೆ ಹೆಸರುಸಹಿತ ತಿಳಿಯಿತು. ೧೯೮೯ರ ಹತ್ತೊಂಬತ್ತು ಪತ್ರಗಳ ವಿಷಯದಲ್ಲಿ ಅದಕ್ಕೂ ಅವಕಾಶವಿರಲಿಲ್ಲ. ಮಂತ್ರಾಲೋಚನೆಯು ಗುಪ್ತವಾಗಿರಬೇಕೆಂದು ನಮ್ಮ ಪ್ರಾಚೀನ ರಾಜನೀತಿಜ್ಞರು ಹೇಳಿದುದುಂಟು; ಅದು ಯುಕ್ತವೇ. ಆದರೆ ಆಲೋಚನೆಗೆ ಸಲ್ಲುವ ಗೌಪ್ಯವು ಎಣಿಕೆಗೆ ಸಲ್ಲದು.

ಬೊಮ್ಮಾಯಿಯವರು ೨೦೦೭ರ ಅಕ್ಟೋಬರ್ ೧೦ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಪುತ್ರರಾದ ಶ್ರೀ ಬಸವರಾಜ ಬೊಮ್ಮಾಯಿಯವರು ನಮ್ಮ ಜಿಲ್ಲೆಯ ಶಿಗ್ಗಾಂವಿಯ ಪ್ರತಿನಿಧಿಗಳಾಗಿದ್ದು, ೨೦೨೧ರ ಜುಲೈಯಿಂದ ೨೦೨೩ರ ಮೇ ತಿಂಗಳವರೆಗೆ ಮುಖ್ಯಮಂತ್ರಿಗಳಾಗಿದ್ದರು. ತಂದೆಯವರ ಆಳಿಕೆಯಲ್ಲಿ ಯಾವ ಕಟ್ಟಡವು ಎದ್ದಿತು, ಯಾವ ರಸ್ತೆಯಾಯಿತು ಎಂದು ಕೇಳಿದರೆ ಎಂಟು ತಿಂಗಳ ಲೆಕ್ಕದಲ್ಲಿ ಹೇಳತಕ್ಕದ್ದು ಹೆಚ್ಚೇನೂ ಇರಲಾರದು. ಆದರೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನ್ಯಾಯಶಾಸ್ತ್ರವನ್ನೋದುವ ವಿದ್ಯಾರ್ಥಿಗಳೆಲ್ಲರೂ ಕಾರಡಗಿಯ ಈ ವಕೀಲರ ಹೆಸರನ್ನು ಕಂಠಸ್ಥ ಮಾಡಬೇಕಾಗಿದೆ. ಮಂತ್ರಿಗಳ ಹೆಸರುಗಳು ಶಿಲಾಫಲಕಗಳ ಮೇಲೆ ಉಳಿಯುವುದುಂಟು. 'ಬೊಮ್ಮಾಯಿ ಮೊಕದ್ದಮೆ' ಎಂಬ ಹೆಸರು ಉಳಿದುದು ಒಂದು ಪ್ರಶ್ನೆಯನ್ನು ಬಿಡದೆ ಕೇಳಿದುದರಿಂದ.

ಗೃಹಸ್ಥರಾದ ನಮಗೆ ಇದರಿಂದ ಗ್ರಾಹ್ಯವಾದುದೇನು? ನಮ್ಮ ಸಹಕಾರಿ ಸಂಘಗಳಲ್ಲಿ, ಗ್ರಾಮಪಂಚಾಯತಿಗಳಲ್ಲಿ, ದೇವಸ್ಥಾನದ ಕಮಿಟಿಗಳಲ್ಲಿ ಅಧ್ಯಕ್ಷನನ್ನು ಇಳಿಸಬೇಕೆಂದಾಗ ಮೊದಲು ಹುಟ್ಟುವುದು ರುಜುಗಳ ಕಾಗದ. ಅದು ಮನೆಯಿಂದ ಮನೆಗೆ ಹೋಗುತ್ತದೆ. ದಾಕ್ಷಿಣ್ಯಕ್ಕೋ ಭಯಕ್ಕೋ, ಓದಿಯೋ ಓದದೆಯೋ, ಜನರು ರುಜು ಹಾಕುತ್ತಾರೆ. ಮರುದಿನ ‘ನನಗೆ ಗೊತ್ತಿರಲಿಲ್ಲ’ ಎನ್ನುತ್ತಾರೆ. ಅಂಥ ಕಾಗದವು ನಮ್ಮ ಹೊಸ್ತಿಲಿಗೆ ಬಂದಾಗ, ‘ಸಭೆಯನ್ನು ಕರೆಯಿರಿ, ಅಲ್ಲಿಯೇ ಹೇಳುತ್ತೇನೆ’ ಎಂದು ಸೌಮ್ಯವಾಗಿ ಉತ್ತರಿಸುವ ಅಭ್ಯಾಸವನ್ನು ನಾವು ಮಾಡಿಕೊಳ್ಳತಕ್ಕದ್ದು. ಸಭೆಗೆ ಹೋಗಿ, ನಮ್ಮ ಅಭಿಪ್ರಾಯವನ್ನು ಎದ್ದು ನಿಂತು ಹೇಳತಕ್ಕದ್ದು. ಸೋತರೆ ಸೋತೆವೆಂದು ಒಪ್ಪಿ ಮನೆಗೆ ಬರತಕ್ಕದ್ದು. ಮಕ್ಕಳು ಇದನ್ನು ನೋಡಿ ಕಲಿಯುತ್ತಾರೆ. ನಾಳೆ ಅವರಲ್ಲಿ ಯಾರು ವಿಧಾನಸಭೆಯ ಸಾಲಿನಲ್ಲಿ ಎದ್ದು ನಿಲ್ಲಬೇಕಾಗುವುದೋ ಬಲ್ಲವರಾರು?